ಕಬ್ಬಿನ ಯಂತ್ರ ನಿಂತಿತು, ಬ್ಯಾಟರಿಯ ಗತಿ?

ಮಾನ್ಯ ಸಂಪಾದಕರೇ,

ಕಬ್ಬು ನುರಿಸುವ ಹಂಗಾಮು ಮುಗಿಯಿತು. ನಮ್ಮ ಮುಧೋಳ, ಜಮಖಂಡಿ ಕಡೆಯ ಕಟಾವು ಯಂತ್ರಗಳು ಈಗ ಒಂದೊಂದಾಗಿ ತೋಟದ ಮನೆ ಮುಂದೆಯೋ ಬೇವಿನ ಗಿಡದ ಕೆಳಗೋ ಬಂದು ನಿಲ್ಲುತ್ತಿವೆ. ಇನ್ನು ದಸರಾ ತನಕ ಅವುಗಳ ಹತ್ತಿರ ಯಾರೂ ಸುಳಿಯುವುದಿಲ್ಲ. ಖಂಡೆ ಪೂಜೆಗೆ ಯಂತ್ರ ತೊಳೆದು, ಕುಂಕುಮ ಹಚ್ಚಿ, ಹಾರ ಹಾಕಿ, ಕಾಯಿ ಒಡೆದು ಚಾವಿ ತಿರುವಿದರೆ ಟಕ್ ಟಕ್ ಅಂತ ಸಪ್ಪಳ ಬರುತ್ತದೆ, ಅಷ್ಟೇ. ಅಲ್ಲಿಂದ ನೇರ ನನ್ನ ಅಂಗಡಿಗೆ ಫೋನ್.

ನಾನು ಮುಧೋಳದಲ್ಲಿ ಬ್ಯಾಟರಿ ಅಂಗಡಿ ಇಟ್ಟವನು. ಆ ವಾರ ನಮಗೆ ಸುಗ್ಗಿ. ‘ಕಾಕಾರ, ಹ್ವಾದ ವರ್ಷಾನ ಹೊಸಾದು ಹಾಕೇನ್ರಿ, ಈಗ ನೋಡಿದ್ರ ಸೆಲ್ಫ ಹೊಡೆವಲ್ದು’ ಅನ್ನುವವರೇ ಹೆಚ್ಚು. ಕಂಪನಿ ಮಾಲೇ ಖೋಟಾ ಅಂತ ಬೈಯುತ್ತಾರೆ. ಮಾಲು ಸರಿಯಾಗಿಯೇ ಇರುತ್ತದೆ. ತಿಂಗಳುಗಟ್ಟಲೆ ಸುಮ್ನೆ ನಿಲ್ಲಿಸಿದ್ದೇ ಅದಕ್ಕೆ ಮುಳುವು. ಬ್ಯಾಟರಿ ಮಾರಿ ಹೊಟ್ಟೆ ಹೊರೆಯುವವನು ಹೀಗೆ ಬರೆಯಬಾರದು ಅಂತ ಮಗ ಗೊಣಗಿದ. ಇರಲಿ, ಅಂಗಡಿಗೆ ಬೇರೆ ಗಿರಾಕಿ ಬರುತ್ತಾರೆ.

ಸೀಸ-ಆಸಿಡ್ ಬ್ಯಾಟರಿ ಏನೂ ಕೆಲಸ ಮಾಡದೆ ಕುಂತರೂ ಒಳಗೊಳಗೇ ಇಳಿಯುತ್ತದೆ. 25 ಡಿಗ್ರಿ ತಂಪಿನಲ್ಲಿ ತಿಂಗಳಿಗೆ ಶೇ 3ರಿಂದ 5ರಷ್ಟು. ಬಿಸಿ 10 ಡಿಗ್ರಿ ಏರಿದರೆ ಇಳಿಯುವ ವೇಗ ಹೆಚ್ಚುಕಡಿಮೆ ಎರಡು ಪಟ್ಟು. ನಮ್ಮ ಬಾಗಲಕೋಟೆ, ವಿಜಯಪುರದ ಏಪ್ರಿಲ್, ಮೇ ತಿಂಗಳು ಹೇಗಿರುತ್ತವೆ ಅಂತ ಬೇರೆ ಹೇಳಬೇಕೆ? 40 ಡಿಗ್ರಿ ದಾಟಿದ ದಿನ ಬಾನೆಟ್ ಒಳಗೆ ಇನ್ನೂ ಜಾಸ್ತಿ ಕಾಯುತ್ತದೆ.

ಇದು ಒಂದು ಕಡೆ. ಇನ್ನೊಂದು ಕಡೆ ಈಗಿನ ಯಂತ್ರಗಳಲ್ಲಿ ಜಿಪಿಎಸ್ ಇದೆ, ಕಂಪ್ಯೂಟರ್ ಪೆಟ್ಟಿಗೆ ಇದೆ. ಚಾವಿ ತೆಗೆದರೂ ಇವು ಮಲಗುವುದಿಲ್ಲ. ಎಲ್ಲ ಸೇರಿ 50 ಮಿಲಿ ಆಂಪಿಯರ್ ಎಳೆದರೆ ಏನು ಮಹಾ ಅನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ. ದಿನಕ್ಕೆ 1.2 ಆಂಪಿಯರ್-ಅವರ್, ತಿಂಗಳಿಗೆ 36. ನೂರು ಆಂಪಿಯರ್-ಅವರ್ ಬ್ಯಾಟರಿ ಮೂರು ತಿಂಗಳೂ ತಡೆಯುವುದಿಲ್ಲ.

ಇಳಿದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಒಳಗಿನ ಸೀಸದ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟು ಕೂರುತ್ತದೆ. ಮೊದಮೊದಲು ಮೆತ್ತಗಿರುತ್ತದೆ, ಚಾರ್ಜ್ ಮಾಡಿದರೆ ಕರಗುತ್ತದೆ. ವಾರ, ತಿಂಗಳು ಕಳೆದಂತೆ ಕೊಪ್ಪರಿಗೆ ತಳಕ್ಕೆ ಬೆಲ್ಲ ಹತ್ತಿದ ಹಾಗೆ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜಿಂಗ್‌ಗೆ ಹಾಕಿದರೂ ಅಷ್ಟೇ. ಕೆಲವರು ಮೇಲಿಂದ ಹೊಸ ಆಸಿಡ್ ಸುರಿಸಿಕೊಂಡು ಬರುತ್ತಾರೆ. ಆಸಿಡ್ ಎಷ್ಟು ಗಟ್ಟಿ ಅಂತ ಅಳೆಯುವ ಹೈಡ್ರೋಮೀಟರ್ ಅದ್ದಿದರೆ ತುಂಬಿದ ಬ್ಯಾಟರಿಯ ಹಾಗೆ 1250 ತೋರಿಸುತ್ತದೆ, ಸೆಲ್ಫ್ ಮಾತ್ರ ಹೊಡೆಯುವುದಿಲ್ಲ. ಮೀಟರಿಗೆ ಮೋಸ ಮಾಡಬಹುದು, ಪ್ಲೇಟಿಗೆ ಆಗುವುದಿಲ್ಲ.

‘ವಾರಕ್ಕೊಮ್ಮೆ ಹತ್ತು ನಿಮಿಷ ಚಾಲೂ ಮಾಡ್ತೀವ್ರಿ’ ಅನ್ನುವವರೂ ಇದ್ದಾರೆ. ಸೆಲ್ಫ್ ಹೊಡೆಯಲು ಹೋದ ಕರೆಂಟು, ವಾರವಿಡೀ ಇಳಿದದ್ದು, ಎರಡೂ ಆ ಹತ್ತು ನಿಮಿಷದಲ್ಲಿ ಪೂರ್ತಿ ತುಂಬುವುದಿಲ್ಲ. ಡೀಸೆಲ್ ಉರಿಯುತ್ತದೆ, ಇಂಜಿನ್ ಸರಿಯಾಗಿ ಕಾಯುವುದೂ ಇಲ್ಲ, ಸೈಲೆನ್ಸರಿನಲ್ಲಿ ನೀರು ನಿಲ್ಲುತ್ತದೆ. ಅದಕ್ಕಿಂತ ನೆಗೆಟಿವ್ ಟರ್ಮಿನಲ್ ಬಿಚ್ಚಿಡುವುದು ಮೇಲು, ಖರ್ಚೂ ಇಲ್ಲ. ಆದರೆ ಜಿಪಿಎಸ್ ಬಂದಾಗುತ್ತದೆ ಅಂತ ಎಷ್ಟೋ ಮಾಲೀಕರು ಒಪ್ಪುವುದಿಲ್ಲ. ಬಿಚ್ಚಿಟ್ಟರೂ ಒಳಗಿನ ಇಳಿತ ನಿಲ್ಲುವುದಿಲ್ಲ.

ಇದಕ್ಕೆ ದಾರಿ ಇದೆ. ಅಮೆರಿಕದಲ್ಲಿ ಮನೆಯಂಥ ಗಾಡಿ ಇಟ್ಟುಕೊಂಡವರು ಚಳಿಗಾಲಕ್ಕೆ ಗಾಡಿ ನಿಲ್ಲಿಸುವಾಗ ಮೇಲೆ ಒಂದು ಸಣ್ಣ ಸೋಲಾರ್ ಪ್ಲೇಟ್ ಹಾಕಿ ಬ್ಯಾಟರಿ ತುಂಬಿದಂತೆ ಇಡುತ್ತಾರೆ. ಅವರಿಗೆ ಹಿಮದ ಹೆದರಿಕೆ. ಖಾಲಿ ಬ್ಯಾಟರಿಯ ಆಸಿಡ್ ನೀರಿನಂತಾಗಿ ಹೆಪ್ಪುಗಟ್ಟಿ ಡಬ್ಬಿ ಸೀಳುತ್ತದೆ. ನಮಗೆ ಹಿಮ ಇಲ್ಲ, ಬಿಸಿಲಿದೆ. ಬ್ಯಾಟರಿ ಕೆಡಿಸುವ ಬಿಸಿಲಿನಿಂದಲೇ ಅದನ್ನು ಉಳಿಸಿಕೊಳ್ಳಬಹುದು.

ಒಂದು 12 ವೋಲ್ಟ್ ಬ್ಯಾಟರಿಗೆ 20 ವ್ಯಾಟಿನ ಪ್ಲೇಟ್ ಸಾಕು. ಒಳ್ಳೆ ಬಿಸಿಲಿಗೆ ಒಂದು ಆಂಪಿಯರ್ ಆಸುಪಾಸು ಕೊಡುತ್ತದೆ. ಮಳೆಗಾಲದ ಮೋಡದಲ್ಲಿ ಕಡಿಮೆಯಾದರೂ ಜಿಪಿಎಸ್ ತಿನ್ನುವಷ್ಟನ್ನು ತುಂಬಿಸಿಕೊಡುತ್ತದೆ. ಅದರ ಜೊತೆಗೆ, ಬ್ಯಾಟರಿ ತುಂಬಿದ ಮೇಲೆ ಕರೆಂಟು ತಡೆಯುವ ಒಂದು ಚಾರ್ಜ್ ಕಂಟ್ರೋಲರ್ ಬೇಕೇ ಬೇಕು. ಇಷ್ಟು ಸಣ್ಣ ಪ್ಲೇಟಿಗೆ ಪಿಡಬ್ಲ್ಯೂಎಂ ಅನ್ನುವ ಸಾದಾ ಕಂಟ್ರೋಲರ್ ಸಾಕು, ಎಂಪಿಪಿಟಿ ಅನ್ನುವ ದುಬಾರಿ ನಮೂನೆ ಬೇಡ. ಎರಡೂ ಸೇರಿ ಒಂದು ದೊಡ್ಡ ಹೊಸ ಬ್ಯಾಟರಿಯ ಬೆಲೆಯ ಮೂರನೇ ಒಂದು ಭಾಗದ ಒಳಗೇ ಆಗುತ್ತದೆ.

ಕಂಟ್ರೋಲರ್ ವಿಷಯ ಒತ್ತಿ ಹೇಳುವುದಕ್ಕೆ ಕಾರಣ ಇದೆ. ಹೋದ ವರ್ಷ ಒಬ್ಬ ರೈತರು ಒಂದು ಅಂಗಡಿಯವರ ಮಾತು ಕೇಳಿ ಮನೆ ಮಾಳಿಗೆಗೆ ಹಾಕುವ 100 ವ್ಯಾಟಿನ ಪ್ಲೇಟನ್ನು ನೇರ ಬ್ಯಾಟರಿಗೆ ಕೊಟ್ಟಿದ್ದರು. ‘ಕಂಟ್ರೋಲರ್ ಯಾಕ, ಸುಮ್ನ ರೊಕ್ಕ ದಂಡ’ ಅಂದಿದ್ದರಂತೆ ಅಂಗಡಿಯವರು. 12 ವೋಲ್ಟ್ ಅಂತ ಮಾರುವ ಪ್ಲೇಟ್ ಖಾಲಿ ಬಿಟ್ಟರೆ 21 ವೋಲ್ಟ್ ತನಕ ತೋರಿಸುತ್ತದೆ. ಬ್ಯಾಟರಿ ನನ್ನ ಮೇಜಿಗೆ ಬಂದಾಗ ಎರಡು ಪಕ್ಕ ಉಬ್ಬಿತ್ತು. ಮುಚ್ಚಳ ತಿರುವಿದರೆ ಹುಳಿ ಘಾಟು. ಟಾರ್ಚ್ ಬಿಟ್ಟು ನೋಡಿದೆ, ನೀರು ಒಳಗಿನ ಸೀಸದ ಪ್ಲೇಟಿನ ಅರ್ಧಕ್ಕೆ ಇಳಿದಿತ್ತು. ಮೇಲಿನ ಅರ್ಧ ಒಣಗಿ ಸುಣ್ಣ ಬಳಿದಂತೆ ಬೆಳ್ಳಗೆ, ಕೆಳಗಿನ ಅರ್ಧ ಕಂದು. ಕಡ್ಡಿಯಿಂದ ಮುಟ್ಟಿದರೆ ಪುಡಿ ಪುಡಿ ಉದುರಿತು. ಹೀಗೆ ಕುದಿಯುವಾಗ ಹೊರಬರುವುದು ಹೈಡ್ರೋಜನ್. ಶೆಡ್ಡಿನಲ್ಲಿ ಯಾರಾದರೂ ಬೀಡಿ ಹಚ್ಚಿದ್ದರೆ? ಆ ರೈತರ ಪುಣ್ಯ, ಬ್ಯಾಟರಿ ಅಷ್ಟೇ ಹೋಯಿತು. ಕಂಟ್ರೋಲರ್ ಇದ್ದಿದ್ದರೆ ತುಂಬಿದ ಮೇಲೆ 13.5ರಿಂದ 13.8 ವೋಲ್ಟಿನಲ್ಲಿ ಹಿಡಿದು ನಿಲ್ಲಿಸುತ್ತಿತ್ತು. ನಮ್ಮ ಬಿಸಿಲಿಗೆ ಅದನ್ನೂ ಸ್ವಲ್ಪ ಇಳಿಸುವುದು ಒಳ್ಳೆಯದು. ಬಿಸಿ ನೋಡಿ ತಾನೇ ವೋಲ್ಟು ಇಳಿಸುವ ಕಂಟ್ರೋಲರ್ ಸಿಗುತ್ತವೆ, ಕೇಳಿ ತೆಗೆದುಕೊಳ್ಳಿ.

ಪ್ಲೇಟ್ ಎಲ್ಲಿ ಹಾಕಬೇಕು? ಯಂತ್ರ ಬೇವಿನ ನೆರಳಿನಲ್ಲೇ ಇರಲಿ, ಟೈರಿಗೂ ಬಣ್ಣಕ್ಕೂ ಒಳ್ಳೆಯದು. ಪ್ಲೇಟ್ ಮಾತ್ರ ಶೆಡ್ಡಿನ ತಗಡಿನ ಮೇಲೆ ಬಿಸಿಲಿಗೆ ಇಟ್ಟು ವೈರ್ ಎಳೆಯಿರಿ. ಒಂದು ಮೂಲೆಗೆ ಟೊಂಗೆಯ ನೆರಳು ಬಿದ್ದರೂ ಇಡೀ ಪ್ಲೇಟಿನ ಕರೆಂಟು ಬಿದ್ದುಹೋಗುತ್ತದೆ. ಕ್ಯಾಬಿನ್ ಗಾಜಿನ ಒಳಗೆ ಇಟ್ಟರೂ ಪೂರ್ತಿ ಫಲ ಇಲ್ಲ. ದಕ್ಷಿಣಕ್ಕೆ ಜಾಸ್ತಿ ಓರೆ ಮಾಡಬೇಕು ಅಂತ ಎಲ್ಲರೂ ಹೇಳುತ್ತಾರೆ. ವರ್ಷವಿಡೀ ಇಡುವ ಪ್ಲೇಟಿಗೆ ಅದು ಸರಿ. ನಮ್ಮ ಯಂತ್ರ ನಿಲ್ಲುವುದು ಬೇಸಿಗೆ, ಮಳೆಗಾಲದಲ್ಲಿ. ಮುಧೋಳ ಇರುವುದು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದ ತನಕ ನಡು ಮಧ್ಯಾಹ್ನ ಸೂರ್ಯ ನೆತ್ತಿ ದಾಟಿ ಉತ್ತರಕ್ಕೇ ಇರುತ್ತಾನೆ. ಹಾಗಾಗಿ ಮಳೆ ನೀರು ಹರಿದು ಧೂಳು ತೊಳೆದುಹೋಗುವಷ್ಟು ಇಳಿಜಾರು ಕೊಟ್ಟರೆ ಸಾಕು. ಸಿಮೆಂಟ್ ಧೂಳು ಬೀಳುವ ಊರಿನವರು ಮಳೆ ಕಾಯದೆ ಆಗಾಗ ಬಟ್ಟೆಯಲ್ಲಿ ಒರೆಸಬೇಕು.

ವೈರ್ ಜೋಡಿಸುವಾಗ ಮೊದಲು ಬ್ಯಾಟರಿಯನ್ನು ಕಂಟ್ರೋಲರಿಗೆ ಕೊಡಿ, ಆಮೇಲೆ ಪ್ಲೇಟ್. ಬಿಚ್ಚುವಾಗ ಉಲ್ಟಾ. ಬ್ಯಾಟರಿಯ ಪಾಸಿಟಿವ್ ಪಕ್ಕದಲ್ಲೇ ಒಂದು ಫ್ಯೂಸ್ ಇರಲಿ, ಇಲಿ ವೈರ್ ಕಡಿದರೆ ಶೆಡ್ಡು ಉಳಿಯುತ್ತದೆ. ಎರಡು ಬ್ಯಾಟರಿ ಸೇರಿಸಿ 24 ವೋಲ್ಟ್ ಮಾಡಿದ ಯಂತ್ರವಾದರೆ 24 ವೋಲ್ಟಿನದೇ ಪ್ಲೇಟ್, ಕಂಟ್ರೋಲರ್ ಹಾಕಿ. ಒಂದೇ ಬ್ಯಾಟರಿಗೆ 12 ವೋಲ್ಟಿನ ಪ್ಲೇಟ್ ಕೊಟ್ಟರೆ ಅದೊಂದು ತುಂಬುತ್ತದೆ, ಇನ್ನೊಂದು ಸಾಯುತ್ತದೆ. ಟೇಪ್ ರೆಕಾರ್ಡರಿಗೆ ಅಂತ ಒಂದೇ ಬ್ಯಾಟರಿಯಿಂದ ವೈರ್ ಎಳೆಯುವ ಡ್ರೈವರುಗಳು ಮಾಡುವುದೂ ಇದನ್ನೇ.

ಈ ಪತ್ರ ಬರೆಯಲು ಮುಖ್ಯ ಕಾರಣ ಕೃಷಿ ಇಲಾಖೆ ಮತ್ತು ಯಂತ್ರ ಮಾರುವವರಿಗೆ ಒಂದು ಮಾತು ಹೇಳುವುದು. ಹೋಬಳಿ ಮಟ್ಟದಲ್ಲಿ ಯಂತ್ರ ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಿವೆ. ಅಲ್ಲಿನ ಟ್ರ್ಯಾಕ್ಟರು, ರಾಶಿ ಯಂತ್ರಗಳಿಗೂ ಕೆಲಸ ಹಂಗಾಮಿನಲ್ಲಿ ಮಾತ್ರ. ರೈತ ಬಾಡಿಗೆ ಕಟ್ಟಿ ಬಂದ ದಿನ ಬ್ಯಾಟರಿ ಇಳಿದಿದ್ದರೆ ಆ ದಿನದ ಹದ ಹೋದಂತೆಯೇ. ಸಹಾಯಧನದಲ್ಲಿ ಯಂತ್ರ ಕೊಡಿಸುವಾಗ ಇದೊಂದು ಪ್ಲೇಟ್, ಕಂಟ್ರೋಲರನ್ನೂ ಪಟ್ಟಿಯಲ್ಲಿ ಸೇರಿಸಲಿ. ಕೋಟಿ ರೂಪಾಯಿ ಹತ್ತಿರದ ಯಂತ್ರದ ಮುಂದೆ ಇದು ಯಾವ ಲೆಕ್ಕ? ಯಂತ್ರದ ಜೊತೆ ಕೊಡುವ ಇಂಗ್ಲಿಷ್ ಪುಸ್ತಕವನ್ನು ಯಾರೂ ಬಿಚ್ಚುವುದಿಲ್ಲ. ‘ನಿಲ್ಲಿಸುವ ಮುಂಚೆ ಹೀಗೆ ಮಾಡಿ’ ಅಂತ ಕನ್ನಡದಲ್ಲಿ ಒಂದು ಹಾಳೆ ಕ್ಯಾಬಿನ್ ಒಳಗೆ ಅಂಟಿಸಿದರೆ ಡ್ರೈವರ್ ಓದಿಕೊಳ್ಳುತ್ತಾನೆ.

ಈ ವಾರ ಯಂತ್ರ ನಿಲ್ಲಿಸುತ್ತಿರುವವರು ಇಲಾಖೆಗೆ ಕಾಯಬೇಕಿಲ್ಲ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಬ್ಯಾಟರಿಗೆ ವೋಲ್ಟ್ ಮೀಟರ್ ಹಿಡಿಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ, ಪ್ಲೇಟ್ ಜೋಡಿಸಿ. 12.4ಕ್ಕಿಂತ ಕೆಳಗಿದ್ದರೆ ಮೊದಲು ಯಾರ ಅಂಗಡಿಯಲ್ಲಾದರೂ ಪೂರ್ತಿ ಚಾರ್ಜ್ ಮಾಡಿಸಿ. 20 ವ್ಯಾಟಿನ ಪ್ಲೇಟ್ ಇರುವುದು ತುಂಬಿದ್ದನ್ನು ಕಾಯಲು, ಖಾಲಿಯನ್ನು ಎಬ್ಬಿಸಲು ಅಲ್ಲ. ಡಿಸ್ಟಿಲ್ಡ್ ವಾಟರ್ ಗುರುತಿನ ತನಕ ಹಾಕಿ, ಟರ್ಮಿನಲ್ ಬಿಸಿನೀರಲ್ಲಿ ತೊಳೆದು ವ್ಯಾಸಲಿನ್ ಸವರಿ, ತಿಂಗಳಿಗೊಮ್ಮೆ ನೀರು ನೋಡಿ.

ಇಂತಿ ತಮ್ಮ ಓದುಗ,
ಬ್ಯಾಟರಿ ಅಂಗಡಿಯವ, ಮುಧೋಳ, ಬಾಗಲಕೋಟೆ ಜಿಲ್ಲೆ