ಹೊಸಿಲಿನ ಮೇಲೆ ನಿಂತು ರಸ್ತೆ ನೋಡು

ಮಗಳೆ,

ನೀನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆಗಿ ಚಾರ್ಜ್ ತಗೊಂಡೆ ಅಂತ ನಿಮ್ಮಮ್ಮ ಹೇಳಿದಾಗ ಕೇರಿಗೆಲ್ಲ ಸಕ್ಕರೆ ಹಂಚಿದೆ. ರಾತ್ರಿ ಮಲಗಿದ ಮೇಲೆ ಯೋಚನೆ ಹತ್ತಿತು. ಫೋನಿನಲ್ಲಿ ಹೇಳಿದರೆ "ಹ್ಞೂಂ ದೊಡ್ಡಮ್ಮ, ಹ್ಞೂಂ ದೊಡ್ಡಮ್ಮ" ಅಂದು ಮುಗಿಸಿಬಿಡ್ತೀಯ, ಅದಕ್ಕೇ ಕಾಗದ.

1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ನಾಲ್ಕರಲ್ಲೊಂದು ಸೀಟು ಹೆಂಗಸರಿಗೆ ಅಂತ ಆಯಿತು. ಬೇರೆ ಯಾರೂ ಒಪ್ಪದೆ ನಿಮ್ಮ ದೊಡ್ಡಪ್ಪ ನನ್ನನ್ನ ನಿಲ್ಲಿಸಿದರು. ಪಂಚಾಯಿತಿ ಮಂತ್ರಿ ನಜೀರ್ ಸಾಬರು ಬರಗಾಲದ ಊರುಗಳಲ್ಲಿ ಬೋರು ಕೊರೆಸಿ 'ನೀರ್ ಸಾಬ್' ಅನ್ನಿಸಿಕೊಂಡಿದ್ದ ಕಾಲ ಅದು. ನಮ್ಮೂರಿಗೂ ಒಂದು ಕೈಪಂಪು ಬಂತು. ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು ನೀರು ಹೊಡೆದೆವು. ಎರಡನೇ ಬೇಸಿಗೆಗೆ ಹಿಡಿಕೆ ಒತ್ತಿದರೆ ಬರೀ ಕೊರ್ ಕೊರ್. ಒಳಗಿನ ವಾಷರ್ ಸವೆದಿತ್ತು, ಅಷ್ಟೇ. ಬೋರು ಕೊರೆಸೋಕೆ ದುಡ್ಡಿತ್ತು, ವಾಷರ್ ಹಾಕೋನ ಬಸ್ ಚಾರ್ಜಿಗೆ ಯಾವ ಲೆಕ್ಕದಲ್ಲೂ ದಾರಿ ಇರಲಿಲ್ಲ. ಮೆಂಬರಮ್ಮ ಅನ್ನಿಸಿಕೊಂಡ ನಾನೂ ನಾಲ್ಕು ತಿಂಗಳು ತೋಟದ ಬಾವಿಯಿಂದ ಕೊಡ ಹೊತ್ತೆ.

ಈಗ ದುಡ್ಡು ಆಗಿನ ಹಾಗಲ್ಲ, ನೇರ ಪಂಚಾಯಿತಿ ಖಾತೆಗೇ ಬರುತ್ತೆ. ಆದರೆ ವಾಷರಿನ ಕಥೆ ಹಾಗೇ ಇದೆ ನೋಡು. 2019ರ ಆಗಸ್ಟ್ 15ಕ್ಕೆ ಜಲಜೀವನ್ ಅಂದರು, ಮನೆಮನೆಗೂ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್. ನಮ್ಮ ಮನೆ ಮುಂದೆಯೂ ನಲ್ಲಿ ನಿಂತಿದೆ. ವಾಟರ್‌ಮ್ಯಾನ್ ಬೆಳಗ್ಗೆ ಬಂದು ಕೆಳಗಿನ ಕೇರಿಯ ವಾಲ್ವ್ ತಿರುವಿದರೆ ಮಾತ್ರ ನಮ್ಮ ಕಡೆಗೆ ನೀರು ಏರುತ್ತೆ. ಅವನು ಎರಡು ದಿನ ಮಲಗಿದರೆ ನಲ್ಲಿಯಲ್ಲಿ ಗಾಳಿ. ಪೈಪಿಗೆ ಸುರಿದ ದುಡ್ಡು ಎಷ್ಟೋ, ಅದನ್ನ ಬದುಕಿಸಿರೋದು ಅವನ ಸೈಕಲ್ಲು, ಸ್ಪ್ಯಾನರು. ಹೋದ ವರ್ಷ ಅವನಿಗೆ ಐದು ತಿಂಗಳು ಸಂಬಳ ಆಗಿರಲಿಲ್ಲ.

ಹದಿನೈದನೇ ಹಣಕಾಸು ಆಯೋಗದ ಲೆಕ್ಕದಲ್ಲಿ ಕೇಂದ್ರದಿಂದ ಪಂಚಾಯಿತಿಗಳಿಗೆ ಬಂದ 2021–26ರ ದುಡ್ಡಿನಲ್ಲಿ ನೂರಕ್ಕೆ 60 ಪಾಲು ಕುಡಿಯೋ ನೀರು, ನೈರ್ಮಲ್ಯಕ್ಕೇ ಕಟ್ಟಿಟ್ಟಿದ್ದು. ಉಳಿದ 40 ಊರಿನವರು ಬೇಕು ಅಂದದ್ದಕ್ಕೆ, ಆದರೆ ಸಂಬಳಕ್ಕೆ ಮುಟ್ಟೋ ಹಾಗಿರಲಿಲ್ಲ. ನಿನಗೆ ನಾನು ಹೇಳಬೇಕಾ! ಅದಕ್ಕೇ ಮನೆ ಕಂದಾಯ, ನೀರಿನ ಕರ ಬಿಲ್ ಕಲೆಕ್ಟರನ ಪಾಡು ಅಂತ ಬಿಡಬೇಡ. ಕಂದಾಯ ಕೇಳಿದರೆ ವೋಟು ಹೋಗುತ್ತೆ ಅಂತ ಮೆಂಬರುಗಳು ಮೂತಿ ತಿರುವ್ತಾರೆ, ನಾನೂ ಒಂದು ಕಾಲಕ್ಕೆ ತಿರುವಿದವಳೇ. ಆದರೆ ಕಂದಾಯ ಕಟ್ಟಿದವನೇ ರಸೀತಿ ಹಿಡಕೊಂಡು ಬಂದು "ನಲ್ಲಿ ಯಾಕೆ ನಿಂತಿದೆ?" ಅಂತ ಕೇಳೋದು. ಕೇಳೋರು ಇರಬೇಕು ಕಣೆ. ಬಾಕಿ ಇಟ್ಟ ದೊಡ್ಡಮನೆಗಳಿಂದ ಶುರು ಮಾಡು. ಒಂಟಿ ಮುದುಕಿಯ ನಲ್ಲಿಗೆ ಬೀಗ ಹಾಕಿ ಶೌರ್ಯ ತೋರಿಸಬೇಡ.

ಇನ್ನು ಸಿಸಿ ರಸ್ತೆ. ಅದರ ಮೇಲೆ ಎಲ್ಲರಿಗೂ ಪ್ರೀತಿ. ವಾರದಲ್ಲಿ ಮುಗಿಯುತ್ತೆ, ಫೋಟೋ ಚೆನ್ನಾಗಿ ಬರುತ್ತೆ, ಬಿಲ್ಲು ಸಲೀಸು. ನೀನು ಚಿಕ್ಕವಳಿದ್ದಾಗ ನಮ್ಮ ಮನೆಗೆ ಎರಡು ಮೆಟ್ಟಿಲು ಹತ್ತಿ ಬರ್ತಿದ್ದೆ, ನೆನಪಿದೆಯಾ? ಆ ಮೆಟ್ಟಿಲು ಈಗ ಕಾಂಕ್ರೀಟಿನ ಕೆಳಗಿವೆ. ಒಂದರ ಮೇಲೊಂದು ಮೂರು ಸಲ ರಸ್ತೆ ಹಾಕಿ, ಈಗ ಹೊಸಿಲು ರಸ್ತೆಗಿಂತ ಒಂದು ಗೇಣು ಕೆಳಗೆ. ಹೋದ ಉತ್ತರೆ ಮಳೆಗೆ ನಡುಮನೆಗೇ ನೀರು ನುಗ್ಗಿ ಅಡಿಯ ಚೀಲದ ರಾಗಿ ಮೊಳಕೆ ಒಡೆಯಿತು. ಕೇಳಿದರೆ, ಹಳೇ ರಸ್ತೆ ಅಗೆಯೋ ಬಾಬ್ತು ಅಂದಾಜು ಪಟ್ಟಿಯಲ್ಲೇ ಇರಲಿಲ್ಲ ಅಂದರು. ಅಂದಾಜು ಮಾಡಿದ ಪುಣ್ಯಾತ್ಮ ನಮ್ಮ ಹೊಸಿಲಿನ ಮೇಲೆ ಒಂದು ಗಳಿಗೆ ನಿಂತಿದ್ದರೆ ಸಾಕಿತ್ತು. ನಿನ್ನ ಮುಂದೆ ಅಂಥ ಕಡತ ಬಂದಾಗ ಸಹಿ ಹಾಕೋಕೆ ಮುಂಚೆ ಆ ಬೀದಿಯ ಯಾವುದಾದರೂ ಜಗಲಿಯಲ್ಲಿ ಕೂತು ಬಾ. ನೀರು ಎತ್ತ ಹರಿಯುತ್ತೆ ಅಂತ ಮನೆ ಗುಡಿಸೋ ಹೆಂಗಸರನ್ನ ಕೇಳು.

ವಾರ್ಡ್ ಸಭೆ ಹನ್ನೊಂದು ಗಂಟೆಗೆ ಇಡಬೇಡ. ಆ ಹೊತ್ತಿಗೆ ಕೂಲಿಗೆ ಹೋದೋರು ಹೊಲದಲ್ಲಿರ್ತಾರೆ, ಬರೋದು ಕಂಟ್ರಾಕ್ಟರು, ಅವನ ಭಾವಮೈದ. ಸಂಜೆ ಇಡು, ಖರ್ಚಿನ ಪಟ್ಟಿ ಗಟ್ಟಿಯಾಗಿ ಓದಿಸು. ನಿಮ್ಮಲ್ಲಿ ಕೂಸಿನ ಮನೆ, ಅದೇ ಕೂಲಿಗೆ ಹೋಗೋ ತಾಯಂದಿರ ಮಕ್ಕಳನ್ನ ನೋಡಿಕೊಳ್ಳೋ ಜಾಗ, ನಡೀತಿದ್ದರೆ ಹೇಳದೆ ಕೇಳದೆ ಒಂದು ಮಧ್ಯಾಹ್ನ ಹೋಗಿ ನೋಡು.

ಊಟ ಹೊತ್ತಿಗೆ ಸರಿಯಾಗಿ ಮಾಡು. ಹೊಸ ಹುಣಸೆಹಣ್ಣು ಬಡಿದಿಟ್ಟಿದ್ದೀನಿ, ಭಾನುವಾರ ನಿಮ್ಮ ಮಾವನ ಕೈಲಿ ಕಳಿಸ್ತೀನಿ. ನಿನ್ನ ಪಂಚಾಯಿತಿಯ ವಾಟರ್‌ಮ್ಯಾನ್‌ಗಳಿಗೆ ಎಷ್ಟು ತಿಂಗಳ ಸಂಬಳ ಬಾಕಿ ಇದೆ ಅಂತ ನೋಡಿ, ಮಾವನ ಕೈಲೇ ಉತ್ತರ ಕಳಿಸು.

ನಿನ್ನ ದೊಡ್ಡಮ್ಮ