ಅರಿಶಿನದ ಹೊತ್ತಿಗೆ ಡಿಜೆ ಬೇಡ, ಸೋಬಾನೆ ಇರಲಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಮಂಡ್ಯದ ಒಂದು ಕಲ್ಯಾಣ ಮಂಟಪದಲ್ಲಿ ನೆಂಟರ ಮದುವೆ ಇತ್ತು. ಹೆಣ್ಣಿಗೆ ಅರಿಶಿನ ಹಚ್ಚುವಾಗ ನಮ್ಮ ದೊಡ್ಡಮ್ಮ ಸೋಬಾನೆ ಪದ, ಅಂದರೆ ಮದುವೆ ಶಾಸ್ತ್ರಗಳಿಗೆ ಹೆಂಗಸರು ಹೇಳುವ ಹಾಡು, ಶುರು ಮಾಡಿದರು. ಎಪ್ಪತ್ತು ದಾಟಿದ್ದರೂ ಗಂಟಲು ಗಟ್ಟಿ ಇದೆ. ಇನ್ನಿಬ್ಬರು ಅಜ್ಜಿಯರು ದನಿ ಸೇರಿಸಿದರು. ಎರಡು ಸೊಲ್ಲು ಮುಗಿದಿತ್ತೋ ಇಲ್ಲವೋ, ಪಕ್ಕದಲ್ಲೇ ಡಿಜೆ ಹಚ್ಚಿದರು. ಸ್ವಲ್ಪ ನಿಲ್ಲಿಸಪ್ಪಾ ಅಂತ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ದೊಡ್ಡಮ್ಮ ಸುಮ್ನೆ ಎದ್ದು ಹೋಗಿ ಹಿಂದಿನ ಸಾಲಿನಲ್ಲಿ ಕೂತರು. ಅವತ್ತಿನಿಂದ ಅದೇ ಕೊರೆಯುತ್ತಿದೆ.

ಕಾಲ ಬದಲಾಗಬಾರದು ಅಂತ ನಾನು ಹೇಳುತ್ತಿಲ್ಲ. ಊರಿಗೆ ಮಿಲ್ಲು ಬಂತು, ರಾಗಿ ಬೀಸುವ ಪದ ಹೋಯಿತು. ನಸುಕಿನಲ್ಲೇ ಎದ್ದು ಬೀಸುಕಲ್ಲು ತಿರುಗಿಸುವ ಕಷ್ಟ ನನ್ನ ಮಗಳಿಗೆ ಬೇಡವೇ ಬೇಡ. ಆದರೆ ಮದುವೆಗಳು ನಿಂತಿಲ್ಲವಲ್ಲ! ಚಪ್ಪರ, ಅರಿಶಿನ, ಹಸೆಗೆ ಕರೆಯುವುದು, ಹೆಣ್ಣು ಒಪ್ಪಿಸುವುದು ಎಲ್ಲ ಇವತ್ತಿಗೂ ನಡೆಯುತ್ತದೆ, ಒಂದೊಂದಕ್ಕೂ ಅದರದೇ ಪದ ಇದೆ. ಬೀಗರನ್ನು ಜರಿಯುವ ಪದ ಕೇಳಿ ಎರಡೂ ಕಡೆಯವರು ಬಿದ್ದು ಬಿದ್ದು ನಗುತ್ತಿದ್ದರು, ಬೆಳಿಗ್ಗೆ ಮುಖ ಪರಿಚಯವೂ ಇಲ್ಲದವರು ಊಟದ ಹೊತ್ತಿಗೆ ಅಕ್ಕ, ಭಾವ ಅಂತ ಮಾತಾಡುತ್ತಿದ್ದರು. ಹೆಣ್ಣು ಒಪ್ಪಿಸುವ ಪದಕ್ಕೆ ಗಂಡಸರೂ ಟವೆಲ್‌ನಲ್ಲಿ ಕಣ್ಣು ಒರೆಸಿಕೊಂಡದ್ದನ್ನು ನಾನೇ ನೋಡಿದ್ದೇನೆ.

ನಮ್ಮ ಜಿಲ್ಲೆಯ ನಾಗಮಂಗಲ ತಾಲ್ಲೂಕಿನವರೇ ಆದ ಎಚ್.ಎಲ್. ನಾಗೇಗೌಡರು ದೊಡ್ಡ ಸರ್ಕಾರಿ ಅಧಿಕಾರಿಯಾಗಿದ್ದವರು. ಅವರು ಹಳ್ಳಿಯವರ ಬಾಯಲ್ಲಿದ್ದ ಪದಗಳನ್ನು ಹುಡುಕಿ ಬರೆಸಿದರು, 1979ರಲ್ಲಿ ಜಾನಪದ ಪರಿಷತ್ತು ಶುರು ಮಾಡಿದರು, ಆಮೇಲೆ ರಾಮನಗರದ ಹತ್ತಿರ ಜಾನಪದ ಲೋಕವನ್ನೇ ಕಟ್ಟಿದರು. ಅಂಥವರ ಜಿಲ್ಲೆಯ ಮದುವೆಗಳಲ್ಲೇ ಪದ ಹೇಳುವವರಿಗೆ ಜಾಗ ಇಲ್ಲ ಅಂದರೆ ಹೇಗೆ?

ಡಿಜೆ ಬೇಕಾದರೆ ರಾತ್ರಿ ಆರತಕ್ಷತೆಗೆ ಇರಲಿ, ಹುಡುಗರು ಕುಣಿಯಲಿ. ಅರಿಶಿನಕ್ಕೆ ಅರ್ಧ ಗಂಟೆ, ಹೆಣ್ಣು ಒಪ್ಪಿಸುವಾಗ ಅರ್ಧ ಗಂಟೆ ಮೈಕು ಅಜ್ಜಿಯರ ಕೈಗೆ ಕೊಡಿ. ಡಿಜೆಯವರಿಗೂ ವಿಡಿಯೊದವರಿಗೂ ಅಡ್ವಾನ್ಸ್ ಕೊಡುವಾಗಲೇ ಇದನ್ನು ಹೇಳಿಬಿಡಿ. ಹೆಣ್ಣುಮಕ್ಕಳನ್ನು ಆ ಅಜ್ಜಿಯರ ಪಕ್ಕ ಕೂರಿಸಿ. ಸೋಬಾನೆ ಕಲಿಯಲು ಕ್ಲಾಸು ಬೇಕಿಲ್ಲ, ಒಬ್ಬರು ಹೇಳಿಕೊಡುತ್ತಾರೆ, ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ, ನಾಲ್ಕು ಮದುವೆಯಲ್ಲಿ ಹೀಗೆ ದನಿಗೂಡಿಸಿದರೆ ಪದ ತಾನಾಗಿಯೇ ಬಾಯಿಗೆ ಬರುತ್ತದೆ. ದೊಡ್ಡಮ್ಮನೂ ಹಾಗೇ ಕಲಿತದ್ದು.

ಹೋದ ಭಾನುವಾರ ನಾನೂ ಮಗಳೂ ಅವರ ಮನೆಗೆ ಹೋಗಿ ಮೊಬೈಲ್‌ನಲ್ಲಿ ಹನ್ನೊಂದು ಪದ ರೆಕಾರ್ಡ್ ಮಾಡಿಕೊಂಡೆವು. ಇನ್ನೂ ಎಷ್ಟೋ ಇವೆ, ನೆನಪು ಮಾಡಿಕೊಂಡು ಹೇಳ್ತೀನಿ, ಮತ್ತೆ ಬನ್ನಿ ಅಂದಿದ್ದಾರೆ.

– ಓದುಗಿ, ಮಂಡ್ಯ