ಮೂರನೆಯ ಅಧ್ಯಾಯದ ಸಾಂತ್ವನ

ಚಿತ್ರದುರ್ಗ

ಪ್ರೀತಿಯ ತಂಗಿ,

ನಿಮ್ಮ ಕಾದಂಬರಿಯ ಹಸ್ತಪ್ರತಿಯನ್ನು ಪೂರ್ತಿ ಓದಿದೆ. ತುಂಗಭದ್ರೆಯಲ್ಲಿ ಮುಳುಗಿಹೋದ ಮಗನ ಶಾಲೆಯ ಅಂಗಿಯನ್ನು ಹರಿಹರದ ಆ ತಾಯಿ ಒಗೆಯದೆಯೇ ಮಡಿಸಿ ಟ್ರಂಕಿನಲ್ಲಿಡುವ ಪುಟಗಳಲ್ಲಿ ನಿಮ್ಮ ಶಕ್ತಿ ಎಂಥದೆಂಬುದು ಕಾಣುತ್ತದೆ. ನನಗೆ ಆತಂಕವಾದದ್ದು ಮೂರನೆಯ ಅಧ್ಯಾಯದಲ್ಲಿ. ಮಣ್ಣು ಮಾಡಿ ಬಂದ ಸಂಜೆಯೇ ಫಾದರ್ ಮನೆಗೆ ಬಂದು 'ಎಲ್ಲವೂ ದೇವರ ಚಿತ್ತ' ಎನ್ನುತ್ತಾರೆ. ತಾಯಿ ಕಣ್ಣೊರೆಸಿಕೊಂಡು ಜಪಸರ ಕೈಗೆತ್ತಿಕೊಳ್ಳುತ್ತಾಳೆ. ಉತ್ತರ ಅಷ್ಟು ಬೇಗ ದೊರೆತ ಮೇಲೆ ಉಳಿದ ಪುಟಗಳಲ್ಲಿ ಅವಳು ಹುಡುಕಬೇಕಾದದ್ದಾದರೂ ಏನು?

ಬೈಬಲಿನಲ್ಲಿ, ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡು ನರಳಿದ ಯೋಬನ ಗ್ರಂಥವನ್ನು ಇನ್ನೊಮ್ಮೆ ಓದಿ. ಮೂವರು ಗೆಳೆಯರು ಬಂದು, ಅವನ ಸಂಕಟದ ತೀವ್ರತೆಯನ್ನು ಕಂಡು, ಏಳು ಹಗಲು ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮಾತಿಲ್ಲದೆ ಕುಳಿತರು. ಅವರು ಸರಿಯಾಗಿ ನಡೆದುಕೊಂಡದ್ದು ಅಷ್ಟೇ ದಿನ. ಆಮೇಲೆ ಬಾಯಿ ತೆರೆದು ದೇವರ ಪರವಾಗಿ ವಾದಿಸತೊಡಗಿದರು. ಕಡೆಯ, ಅಂದರೆ 42ನೆಯ ಅಧ್ಯಾಯದಲ್ಲಿ ದೇವರು ಕೋಪಿಸಿಕೊಳ್ಳುವುದು ತನ್ನನ್ನೇ ಪ್ರಶ್ನಿಸಿದ ಯೋಬನ ಮೇಲಲ್ಲ, ತನ್ನ ಪರವಾಗಿ ಮಾತಾಡಿದ ಈ ಗೆಳೆಯರ ಮೇಲೆ. ಹಾಗಿರುವಾಗ ನಿಮ್ಮ ತಾಯಿ ದೇವರೊಡನೆ ಜಗಳವಾಡಲು ನೀವೇಕೆ ಅಂಜುತ್ತೀರಿ? ಬೈಬಲಿನ 88ನೆಯ ಕೀರ್ತನೆ ಕತ್ತಲೆಯಲ್ಲಿಯೇ ಮುಗಿಯುತ್ತದೆ, ಅದರಲ್ಲಿ ಸಮಾಧಾನದ ಕೊನೆಯ ಸಾಲಿಲ್ಲ; ಆದರೂ ಧರ್ಮಸಭೆ ಅದನ್ನು ಶುಕ್ರವಾರ ರಾತ್ರಿಯ ಪ್ರಾರ್ಥನೆಯಲ್ಲಿ ಉಳಿಸಿಕೊಂಡಿದೆ. ನಿಮ್ಮ ಫಾದರ್ ವಾರವಾರವೂ ಮಲಗುವ ಮುನ್ನ ಆ ಕೀರ್ತನೆಯನ್ನು ಹೇಳಿಕೊಳ್ಳುವವರು. ಅಂಥವರು ಮಗುವನ್ನು ಮಣ್ಣು ಮಾಡಿದ ಮನೆಯಲ್ಲಿ 'ದೇವರ ಚಿತ್ತ' ಎಂಬ ಮಾತನ್ನು ಅಷ್ಟು ಸಲೀಸಾಗಿ ಆಡುವರೆಂದು ನನಗೆ ನಂಬಲಾಗುತ್ತಿಲ್ಲ. ಅವರನ್ನು ನೀವು ಇನ್ನೂ ಸರಿಯಾಗಿ ಪರಿಚಯ ಮಾಡಿಕೊಂಡಿಲ್ಲ.

ವಿಶ್ವಾಸದ ಕಾದಂಬರಿ ಬರೆಯುವವರು ಮತ್ತೆಮತ್ತೆ ಹೋಗಬೇಕಾದ ಊರು ಬೆಥಾನಿಯ. ಯೊವಾನ್ನರ ಶುಭಸಂದೇಶದ 11ನೆಯ ಅಧ್ಯಾಯದಲ್ಲಿ ಆ ಊರಿನ ಲಾಸರನನ್ನು ಸಮಾಧಿ ಮಾಡಿ ನಾಲ್ಕು ದಿನಗಳಾಗಿರುತ್ತವೆ. ನೀವು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂದು ಮೊದಲು ಮಾರ್ತಾ, ಆಮೇಲೆ ಮರಿಯಾ ಯೇಸುವಿಗೆ ಹೇಳುತ್ತಾರೆ. ಅದು ಆಕ್ಷೇಪಣೆಯೂ ಹೌದು, ನಂಬಿಕೆಯೂ ಹೌದು. ಎರಡನ್ನೂ ಬಿಡಿಸಿ ಬೇರೆಮಾಡಲು ಬರುವುದಿಲ್ಲ. ಯೇಸು ಅವರನ್ನು ಗದರಿಸಲಿಲ್ಲ. ಲಾಸರನನ್ನು ಇನ್ನು ಸ್ವಲ್ಪ ಹೊತ್ತಿನಲ್ಲಿ ತಾವೇ ಎಬ್ಬಿಸುವವರೆಂದು ತಿಳಿದಿದ್ದೂ, ಅಳುತ್ತಿದ್ದವರ ನಡುವೆ ನಿಂತು ಕಣ್ಣೀರಿಟ್ಟರು. ಕಾದಂಬರಿಕಾರರಿಗೆ ಇದಕ್ಕಿಂತ ದೊಡ್ಡ ಪಾಠ ನನಗೆ ಎಲ್ಲಿಯೂ ಸಿಕ್ಕಿಲ್ಲ. ಕೊನೆಯ ಅಧ್ಯಾಯದಲ್ಲಿ ಭರವಸೆ ಕಾದಿದೆಯೆಂದು ನಿಮಗೆ ಗೊತ್ತು, ಆ ತಾಯಿಗೆ ಗೊತ್ತಿಲ್ಲ. ನಿಮಗೆ ಗೊತ್ತಿರುವುದನ್ನು ಬದಿಗಿರಿಸಿ ಅವಳ ಪಕ್ಕದಲ್ಲಿ ಅಳಲು ನೀವು ಸಿದ್ಧರಿರಬೇಕು.

ಕೊನೆಯಲ್ಲಿ ಅವಳಿಗೆ ಇನ್ನೊಂದು ಗಂಡುಮಗುವನ್ನು ಕೊಟ್ಟಿದ್ದೀರಿ. ಮಗು ಹುಟ್ಟಲಿ, ಆದರೆ ಸತ್ತವನ ಹೆಸರನ್ನು ಅದಕ್ಕೆ ಇಡಬೇಡಿ. ಯೋಬನಿಗೂ ಮತ್ತೆ ಏಳು ಗಂಡುಮಕ್ಕಳೂ ಮೂವರು ಹೆಣ್ಣುಮಕ್ಕಳೂ ಹುಟ್ಟಿದರು, ಮೊದಲಿನ ಹತ್ತು ಮಕ್ಕಳು ಮಾತ್ರ ಹಿಂದಿರುಗಲಿಲ್ಲ. ಮಕ್ಕಳನ್ನು ಕಳೆದುಕೊಂಡವರು ಆ ಭಾಗವನ್ನು ಓದುವಾಗ ಮೊದಲು ನೆನೆಯುವುದು ಆ ಹತ್ತು ಮಂದಿಯನ್ನೇ.

ಸೆಪ್ಟೆಂಬರ್ 8ರ ಆರೋಗ್ಯಮಾತೆಯ ಹಬ್ಬವನ್ನು ಎರಡೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಮಾತೆ ಮರಿಯಮ್ಮನವರ ಆ ಪುಣ್ಯಕ್ಷೇತ್ರವಿರುವ ಹರಿಹರದವಳಾಗಿ ಅವಳು ಹಬ್ಬದ ಜನಸಂದಣಿಯನ್ನು ತಪ್ಪಿಸಿಕೊಳ್ಳಲಾರಳು. ಕಾಯಿಲೆ ವಾಸಿಯಾದ ಮಕ್ಕಳನ್ನು ಎತ್ತಿಕೊಂಡು ಹರಕೆ ತೀರಿಸಲು ಬಂದ ತಾಯಂದಿರ ಸಾಲಿನಲ್ಲಿ ಅವಳನ್ನು ನಿಲ್ಲಿಸಿ. ಅಲ್ಲಿ ಅವಳಿಗೆ ಹೊಟ್ಟೆಕಿಚ್ಚು ಬರಲಿ, ನಾಚಿಕೆಯೂ ಆಗಲಿ, ಪ್ರಾರ್ಥನೆ ಬಾಯಿಗೆ ಬಾರದೆ ಹೋಗಲಿ. ಪಕ್ಕದಲ್ಲಿ ನಿಂತ ಗುರುತಿಲ್ಲದ ಮುದುಕಿಯೊಬ್ಬಳು ಇವಳ ಪರವಾಗಿಯೂ ಪ್ರಾರ್ಥಿಸಬಹುದು. ವಿಶ್ವಾಸ ಎಷ್ಟೋ ಸಲ ಹಾಗೆ ಇನ್ನೊಬ್ಬರ ಬಾಯಿಯಿಂದಲೇ ನಮ್ಮಲ್ಲಿ ಉಳಿದುಕೊಳ್ಳುತ್ತದೆ.

ಮೊದಲು ಮೂರನೆಯ ಅಧ್ಯಾಯವನ್ನು ಮಾತ್ರ ತಿದ್ದಿ ಕಳುಹಿಸಿ. ಫಾದರ್ ಬರಲಿ, ಚಾಪೆಯ ಮೇಲೆ ಕುಳಿತುಕೊಳ್ಳಲಿ, ನೆರೆಯವರು ತಂದ ಅನ್ನವನ್ನು ಆ ತಾಯಿಗೆ ಬಡಿಸಲಿ. ಅವರು ಏನನ್ನೂ ಹೇಳದೆ ಎದ್ದುಹೋದರೆ ಅವಳು ಏನು ಮಾಡುತ್ತಾಳೆಂಬುದನ್ನು ಓದಲು ಕಾಯುತ್ತಿರುತ್ತೇನೆ.

ಇತಿ,
ನಿಮ್ಮ ಹಿತೈಷಿ